ಅಕ್ಕನ ನೂಲು

ಆ ಹೊಲಿಗೆ ಅಂಗಡಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಮೂರು ಮಾತು ಹೇಳಿಬಿಡುತ್ತಿದ್ದರು. ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಕಿಟಕಿಕಟ್ಟೆಯ ಮೇಲೆ ಇಡಬಾರದು. ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿರುವ ಕತ್ತರಿಯನ್ನು ಬಟ್ಟೆಯ ಹತ್ತಿರ ತರಬಾರದು. ಅದು ಹಾಳು ಕತ್ತರಿ, ಬಟ್ಟೆಯನ್ನು ಅಗಿಯುತ್ತದೆ, ಪಾರ್ಸಲ್ಲಿನ ಹುರಿ ಕತ್ತರಿಸುವುದಕ್ಕಷ್ಟೇ ಲಾಯಕ್ಕು. ಮೂರನೆಯದಾಗಿ, ಹೊಲಿಯುವಾಗ ಅಕ್ಕನ ನೂಲನ್ನು ಮರೆಯದೆ ಒಳಗೆ ಹಾಕಿಕೊಳ್ಳಬೇಕು.

ಈ ಕೊನೆಯದು ಯಾರ ತಲೆಗೂ ಹೋಗುತ್ತಿರಲಿಲ್ಲ. ಆಗ ಕಾಲರ್ ಮಾವ ಮಿಷನ್ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ ಬಿಡಿಸಿ ಹೇಳುತ್ತಿದ್ದ. ಅಂಗಡಿಯ ಹಳೇ ದರ್ಜಿ ಅವನು. ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು.

"ನೋಡು, ನಮ್ಮ ಕತ್ತರಿಯಕ್ಕ ಚಾಕ್ ಗೆರೆ ಮೇಲೆ ಕತ್ತರಿಸೋದಿಲ್ಲ. ಗೆರೆಯಿಂದ ಒಂದು ನೂಲು, ಅಂದ್ರೆ ಇಂಚಿನಲ್ಲಿ ಎಂಟನೇ ಒಂದು ಪಾಲು, ಆಚೆ ಕತ್ತರಿಸ್ತಾಳೆ. ಇಪ್ಪತ್ತೆಂಟು ವರ್ಷದಿಂದ ಹಂಗೇ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಹೊಲಿಯೋವಾಗ ನೀನು ಆ ನೂಲು ಒಳಗೆ ಹಾಕ್ಕೊಂಡ್ರೆ ಅಳತೆ ಸರಿಹೋಗುತ್ತೆ."

"ಗೆರೆ ಮೇಲೇ ಕತ್ತರಿಸು ಅಂತ ಅವ್ರಿಗೇ ಹೇಳಬಹುದಲ್ಲ ಮಾವ?" ಎಂದು ಯಾರಾದರೂ ಕೇಳಿದರೆ, "ಹೇಳು, ನೀನೇ ಹೋಗಿ ಹೇಳು" ಎಂದು ಮತ್ತೆ ಮಿಷನ್ ತುಳಿಯುತ್ತಿದ್ದ. ಯಾರೂ ಹೋಗಿ ಹೇಳುತ್ತಿರಲಿಲ್ಲ.

ಹೇಳಿದರೂ ಕತ್ತರಿಯಕ್ಕ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ನಕ್ಕುಬಿಡುತ್ತಿದ್ದಳು. ನಲವತ್ತೇಳು ವರ್ಷದ ಹೆಂಗಸು, ಎತ್ತರದ ಆಳು, ಕೊರಳಲ್ಲಿ ಸದಾ ಟೇಪು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ "ಅಳತೆಗೆ ಸರಿಯಾದೋರು ಸಿಗ್ಲಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಗೆರೆ ಬಿಟ್ಟು ಆಚೆ ಕತ್ತರಿಸುವುದಕ್ಕೂ ಅವಳ ಹತ್ತಿರ ಕಾರಣವಿತ್ತು. ಒಳಗೆ ಕತ್ತರಿಸಿದ ಬಟ್ಟೆಯನ್ನು ಯಾವ ದೊಡ್ಡಮನುಷ್ಯ ಬಂದರೂ ಕೂಡಿಸಲಾರ. ಹೊರಗೆ ಒಂದು ನೂಲು ಉಳಿದರೆ ಯಾರ ಗಂಟೂ ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ಅದು ಕಾರಣವಲ್ಲ, ಭಯ. ಕತ್ತರಿ ಹಿಡಿದಾಗಲೆಲ್ಲ ಅವಳ ಬಲಗೈ, ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತವರ ಹಾಗೆ ಸಂಕೋಚಪಡುತ್ತಿತ್ತು. ಎಲ್ಲರ ಕೈಯೂ ಹಾಗೇ ಇರುತ್ತದೆ ಎಂದುಕೊಂಡಿದ್ದಳು ಪಾಪ. ಇನ್ನೊಬ್ಬರ ಕೈಯೊಳಗೆ ಹೋಗಿ ನೋಡಲು ಯಾರಿಗಾಗುತ್ತದೆ?

ಒಂದು ಬೆಳಿಗ್ಗೆ ಮೇಲಿನ ಹಲಗೆಯಿಂದ ಕೆಂಪು ಬಟ್ಟೆಯ ಥಾನು ಇಳಿಸಲು ಸ್ಟೂಲ್ ಹತ್ತಿದಳು. ಸ್ಟೂಲಿನ ಒಂದು ಕಾಲು ಮೊದಲೇ ಕುಂಟುತ್ತಿತ್ತು, ಅಂದು ಕೈಕೊಟ್ಟಿತು. ಥಾನು, ಅಕ್ಕ, ಸ್ಟೂಲ್ ಮೂರೂ ಒಟ್ಟಿಗೆ ನೆಲಕ್ಕೆ ಬಂದವು. ಥಾನಿಗೂ ಸ್ಟೂಲಿಗೂ ಏನೂ ಆಗಲಿಲ್ಲ. ಅಕ್ಕನ ಬಲ ಮಣಿಕಟ್ಟಿನ ಮೂಳೆ ಮುರಿದು, ಬೆರಳ ಬುಡದಿಂದ ಮೊಣಕೈವರೆಗೆ ಆರು ವಾರದ ಪ್ಲಾಸ್ಟರ್ ಬಿತ್ತು.

ಅಂಗಡಿಯ ಯಜಮಾನನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಒಳ್ಳೆಯವನೇ, ಆದರೆ ಸಣ್ಣದಕ್ಕೂ ಕೈಕಾಲು ಬಿಡುವವನು. ಆ ಕೆಂಪು ಬಟ್ಟೆ ಬ್ಯಾಂಡ್ ತಂಡದವರ ಮೂವತ್ತೆರಡು ಕೋಟುಗಳಿಗೆಂದು ಬಂದದ್ದು, ನಾಲ್ಕು ವಾರದಲ್ಲಿ ಕೊಡಬೇಕಾಗಿತ್ತು.

"ಏನ್ಮಾಡ್ಲಿ ಅಕ್ಕ, ನೀವೇ ಹೇಳಿ. ಎದುರು ಬೀದಿ ಬಟ್ಟೆ ಕಟಿಂಗಿನವನನ್ನ ಕರೀಬೇಕಾಗುತ್ತೆ."

ಎದುರು ಬೀದಿಯವನು ಅಕ್ಕನಿಗೆ ಗೊತ್ತು. ಒಮ್ಮೆ ಮೇಜಿನ ಮುಂದೆ ನಿಂತರೆ ಜಗ್ಗುವ ಆಸಾಮಿಯಲ್ಲ. ಆರು ವಾರದ ನಂತರ ತಾನು ಬಂದರೆ ಗುಂಡಿ ಹಚ್ಚುವ ಮೂಲೆ ತೋರಿಸುತ್ತಾರೆ, ಅಷ್ಟೆ. ಅವಳ ಬದುಕಿನಲ್ಲಿ ತನ್ನದು ಎಂದು ಹೇಳಿಕೊಳ್ಳುವಂಥದ್ದು ಇದ್ದರೆ ಅದು ಆ ಮೇಜು ಒಂದೇ. ಅದರ ಅಂಚು ಅವಳ ಹೊಟ್ಟೆ ಒರಗಿ ಒರಗಿ ನುಣುಪಾಗಿತ್ತು.

"ಒಂದು ವಾರ ಕೊಡಿ ಮಾಸ್ಟ್ರೇ. ಎಡಗೈ ಇದೆಯಲ್ಲ, ಪಳಗಿಸ್ತೀನಿ" ಎಂದಳು. ಮಾಸ್ಟರ್ ಆ ಎಡಗೈಯನ್ನು ನೋಡಿದ ರೀತಿಗೆ ಅದು ನಾಚಿಕೊಂಡು ಸೆರಗಿನೊಳಗೆ ಹೋಯಿತು. ಆದರೂ ಒಂದು ವಾರ ಕೊಟ್ಟ.

ಮನೆಯಲ್ಲಿ ಅವಳು ಮತ್ತು ಅವಳ ಅಮ್ಮ, ಇಬ್ಬರೇ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಅಮ್ಮನಿಗೆ ಎಪ್ಪತ್ತನಾಲ್ಕು. ಮಾತು ಕಡಿಮೆ, ಹಟ ಜಾಸ್ತಿ. ಬೀದಿಯವರ ಹರಿದ ಬಟ್ಟೆಗಳಿಗೆಲ್ಲ ಅವಳೇ ಕೈಹೊಲಿಗೆ ಹಾಕಿಕೊಡುತ್ತಿದ್ದಳು. ಹೊಲಿಗೆ ಎಷ್ಟು ಸಣ್ಣ ಎಂದರೆ ಹರಿದದ್ದೆಲ್ಲಿ ಎಂದು ಹುಡುಕಬೇಕು. ಅವಳದು ಎರಡು ವಿಚಿತ್ರ. ಹೊಲಿಯುವಾಗ ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು, "ಯಾರಾದ್ರೂ ನೋಡ್ತಾ ಇದ್ರೆ ಕಣ್ಣು ತಪ್ಪುತ್ತೆ" ಎಂದು. ಮತ್ತೆ, ಕತ್ತರಿ ಮುಟ್ಟುತ್ತಿರಲಿಲ್ಲ. "ಕತ್ತರಿಗೂ ನಂಗೂ ಆಗಿಬರಲ್ಲ" ಎನ್ನುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಬಟ್ಟೆ ಕತ್ತರಿಸಬೇಕಾದಾಗ ಬಾಗಿಲ ಸಂದಿಯಿಂದ ಹೊರಗೆ ಚಾಚಿ, "ಗೆರೆ ಎಳೆದಿದ್ದೀನಿ, ಕತ್ತರಿಸಿಕೊಡೇ" ಎನ್ನುತ್ತಿದ್ದಳು. ಮಗಳು ಎಂಟನೇ ವಯಸ್ಸಿನಿಂದ ಹಾಗೆ ಕತ್ತರಿಸಿಕೊಡುತ್ತ ಕೊಡುತ್ತಲೇ ಕತ್ತರಿಯಕ್ಕ ಆದದ್ದು.

ಎಡಗೈ ಪಳಗಿಸಲು ಕೂತ ಕತ್ತರಿಯಕ್ಕನಿಗೆ ಮೊದಲ ದಿನವೇ ಆಶ್ಚರ್ಯ ಕಾದಿತ್ತು. ಬಾಗಿಲ ಬೀಗವನ್ನು ಎಡಗೈ ತಡಕಾಡದೆ ತೆಗೆಯಿತು. ಚಹಾ ಸೋಸಿದರೆ ಒಂದು ಹನಿ ಹೊರಗೆ ಬೀಳಲಿಲ್ಲ. ಸೂಜಿಗೆ ದಾರ ಪೋಣಿಸಲು ಅವಳಿಗೆ ಯಾವತ್ತೂ ಮೂರು ಸಲ ದಾರ ನೆಕ್ಕಿ, ಒಂದು ಸಲ ಬೈದು, ಆಮೇಲೆ ಆಗುತ್ತಿತ್ತು. ಸೂಜಿಯನ್ನು ದಿಂಬಿಗೆ ಚುಚ್ಚಿ ನಿಲ್ಲಿಸಿ ಎಡಗೈಯಲ್ಲಿ ದಾರ ತಂದಳು. ಮೊದಲ ಸಲಕ್ಕೇ ಒಳಗೆ ಹೋಯಿತು. ಬಿಚ್ಚಿ ಮತ್ತೆ ಪೋಣಿಸಿದಳು. ಮತ್ತೆ ಹೋಯಿತು. ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಇಷ್ಟು ವರ್ಷ ಪಕ್ಕದಲ್ಲೇ ನೇತಾಡುತ್ತಿದ್ದ ಇದು ಇದನ್ನೆಲ್ಲ ಕಲಿತದ್ದು ಯಾವಾಗ?

ಕುತೂಹಲ ಒಮ್ಮೆ ಹಿಡಿದರೆ ಬಿಡುವ ಹೆಂಗಸಲ್ಲ ಅವಳು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಎಡಗೈಯಿಂದ ತನ್ನ ಹೆಸರು ಬರೆದಳು. ಬಂತು, ಆದರೆ ಅದು ಅವಳ ಬರಹವಲ್ಲ. ದಪ್ಪ ದಪ್ಪ, ಗುಂಡು ಗುಂಡು ಅಕ್ಷರ, ಒಂದನೇ ತರಗತಿಯ ಮಗುವಿನದು. ಹೊಸದಾಗಿ ಕಲಿಯುತ್ತಿರುವವರ ಬರಹ ನಡುಗುತ್ತದೆ. ಇದು ನಡುಗಿರಲಿಲ್ಲ. ಯಾರೋ ಆರು ವರ್ಷದವಳು ಬರೆಯುತ್ತ ಬರೆಯುತ್ತ ಅರ್ಧಕ್ಕೆ ಎದ್ದುಹೋಗಿ, ಈಗ ವಾಪಸ್ ಬಂದು ಕೂತ ಹಾಗಿತ್ತು. ಅವಳಿಗೆ ಸಣ್ಣಗೆ ಹೆದರಿಕೆಯಾಯಿತು, ಖುಷಿಯೂ ಆಯಿತು.

"ಅಮ್ಮ, ಇಲ್ನೋಡು. ಇದು ನಾನು ಯಾವಾಗ ಕಲ್ತಿದ್ದು?"

ಅಮ್ಮ ಹಾಳೆಯನ್ನು ನೋಡಿದಳು, ಮಗಳನ್ನು ನೋಡಲಿಲ್ಲ. "ಚಹಾ ಆರಿಹೋಗುತ್ತೆ, ಕುಡಿ" ಎಂದು ಒಳಗೆ ಹೋದಳು. ಚಹಾ ಕುಡಿದು ಅರ್ಧ ಗಂಟೆಯಾಗಿತ್ತು.

ಮೂರನೇ ದಿನ ಪ್ಲಾಸ್ಟರ್ ಕೈಯನ್ನು ಕೊರಳಿಗೆ ತೂಗುಹಾಕಲು ಮೆತ್ತನೆಯ ಬಟ್ಟೆ ಬೇಕಾಗಿ ಟ್ರಂಕು ತೆಗೆದಳು. ತಳದಲ್ಲಿ ಅವಳ ಚಿಕ್ಕಂದಿನ ಹಳದಿ ಫ್ರಾಕು ಸಿಕ್ಕಿತು, ಉದ್ದ ತೋಳಿನದು. ಬೇರೆಯವರಾಗಿದ್ದರೆ ಮುದ್ದಾಡಿ ಮಡಚಿ ಇಡುತ್ತಿದ್ದರು. ಇವಳು ಕಸುಬಿನವಳು, ಕೈಗೆ ಬಟ್ಟೆ ಬಂದರೆ ಕಣ್ಣು ಮೊದಲು ಅಂಚಿಗೇ ಹೋಗುತ್ತದೆ. ಬಲತೋಳಿನ ತುದಿ ಚೆನ್ನಾಗಿತ್ತು. ಎಡತೋಳಿನ ತುದಿಯಲ್ಲಿ ಸೂಜಿ ತೂತುಗಳು. ಒಂದು ಸಾಲಲ್ಲ, ಒಂದರ ಮೇಲೊಂದು ಎಷ್ಟೋ ಸಾಲು. ಬಟ್ಟೆಯ ನೂಲು ಅಲ್ಲಿ ಸವೆದು ಜರಡಿಯಂತಾಗಿತ್ತು. ಯಾರೋ ಆ ತೋಳಿನ ಬಾಯಿಯನ್ನು ಹೊಲಿದು ಮುಚ್ಚಿದ್ದಾರೆ, ಬಿಚ್ಚಿದ್ದಾರೆ, ಮತ್ತೆ ಮುಚ್ಚಿದ್ದಾರೆ. ಒಂದು ದಿನವಲ್ಲ, ನೂರು ದಿನ.

ಕಿಟಕಿಯ ಬೆಳಕಿಗೆ ಹಿಡಿದಾಗ ಇನ್ನೊಂದು ಕಂಡಿತು. ಫ್ರಾಕಿನ ಕೆಳಗಿನ ಮಡಿಕೆಗೆ ಅಮ್ಮ ಹಾಕಿದ ಕೈಹೊಲಿಗೆ ಇನ್ನೂ ಇತ್ತು. ಅಂಗಡಿಯಲ್ಲಿ ಯಾರೇ ಮಡಿಕೆ ಹೊಲಿದರೂ ಹೊಲಿಗೆ ಒಂದು ಕಡೆ ವಾಲುತ್ತದೆ. ಇದು ಇನ್ನೊಂದು ಕಡೆ ವಾಲಿತ್ತು, ಅಂಚಿನುದ್ದಕ್ಕೂ, ಒಂದೂ ಬಿಡದೆ. ಬಲಗೈಯವರ ಸೂಜಿ ಹಾಗೆ ಹೋಗಲು ಸಾಧ್ಯವೇ ಇಲ್ಲ. ಬಾಗಿಲು ಹಾಕಿಕೊಂಡು ಅಮ್ಮ ಐವತ್ತು ವರ್ಷ ಏನು ಬಚ್ಚಿಟ್ಟಿದ್ದಳು ಎಂಬುದು ಅವಳಿಗೆ ಆಗ ಗೊತ್ತಾಯಿತು.

ಒಳಕೋಣೆಯ ಬಾಗಿಲು ತಟ್ಟದೆ ತೆಗೆದಳು. ಅಮ್ಮ ಕಿಟಕಿಯ ಹತ್ತಿರ ಕೂತು ಯಾರದೋ ಜೇಬು ಹೊಲಿಯುತ್ತಿದ್ದಳು. ಸೂಜಿ ಎಡಗೈಯಲ್ಲಿತ್ತು. ಸರಕ್ಕನೆ ಬಲಗೈಗೆ ಬದಲಾಯಿಸಿಕೊಂಡಳು, ಕದ್ದು ಸಿಕ್ಕಿಬಿದ್ದವಳ ಹಾಗೆ.

"ಬದಲಾಯಿಸ್ಬೇಡ ಬಿಡಮ್ಮ, ನೋಡಾಯ್ತು" ಎಂದು ಮಗಳು ಫ್ರಾಕನ್ನು ಅವಳ ಮಡಿಲಿಗೆ ಹಾಕಿದಳು. "ಇದನ್ನೂ ನೋಡಾಯ್ತು."

ಅಮ್ಮ ಎಡತೋಳಿನ ತುದಿಯನ್ನು ಬೆರಳಿನಿಂದ ಸವರಿದಳು.

"ನಮ್ಮ ಸ್ಕೂಲಲ್ಲಿ ಒಬ್ರು ಟೀಚರ್ ಇದ್ರು. ಎಡಗೈಲಿ ಬರೆದ್ರೆ ಸ್ಕೇಲು ನಿಲ್ಲಿಸಿ ಗೆಣ್ಣಿನ ಮೇಲೆ ಹೊಡೀತಿದ್ರು. ಬಲಗೈಲಿ ಬರೆದ್ರೆ ಅಕ್ಷರ ಬರ್ತಿರಲಿಲ್ಲ, ಅದಕ್ಕೂ ಹೊಡೀತಿದ್ರು. ಮೂರನೇ ಕ್ಲಾಸಿಗೇ ಸಾಕಾಯ್ತು, ಬಿಟ್ಟುಬಿಟ್ಟೆ. ಈ ಒಂದು ಕೈಯಿಂದ ನನ್ನ ಓದು ಹೋಯ್ತು ಕಣೇ. ನೀನು ಸ್ಕೂಲಿಗೆ ಸೇರಿದ ವಾರ, ನೋಡ್ತೀನಿ, ನಿಂದೂ ಅದೇ ಕೈ. ಎದೆ ಒಡೆದುಹೋಯ್ತು. ದಿನಾ ಬೆಳಿಗ್ಗೆ ತೋಳು ಹೊಲಿದು ಕಳಿಸ್ತಿದ್ದೆ. ಸಾಯಂಕಾಲ ಬಿಚ್ತಿದ್ದೆ. ಟೀಚರಿಗೆ ಕೈ ಸುಟ್ಟಿದೆ ಅಂತ ಹೇಳಿದ್ದೆ."

"ನನ್ನ ಒಂದು ಮಾತು ಕೇಳಬಹುದಿತ್ತಲ್ಲಮ್ಮ."

"ಆರು ವರ್ಷದ ಮಗೂನ ಏನಂತ ಕೇಳ್ಲಿ? ಏಟು ಬೇಕಾ ಬೇಡ್ವಾ ಅಂತನಾ?"

ಕತ್ತರಿಯಕ್ಕನಿಗೆ ಸಿಟ್ಟು ಬಂತು. ತನ್ನನ್ನು ಯಾರೋ ಎತ್ತಿ ಬೇರೆ ಯಾರದೋ ಬದುಕಿನೊಳಗೆ ಕೂರಿಸಿದ ಹಾಗೆನಿಸಿತು. ಅದರ ಜೊತೆಗೇ, ದಿನಾ ಬೆಳಿಗ್ಗೆ ಮಗಳ ತೋಳು ಮುಚ್ಚುತ್ತ ಕೂತ ಆ ಹೆಂಗಸಿನ ಮೇಲೆ ಅಳು ಬರುವಷ್ಟು ಪ್ರೀತಿಯೂ ಬಂತು. ಎರಡನ್ನೂ ಒಟ್ಟಿಗೆ ಏನು ಮಾಡಬೇಕೆಂದು ತಿಳಿಯದೆ ಅಮ್ಮನ ಪಕ್ಕದಲ್ಲಿ ಕೂತು ಜೇಬಿನ ಹೊಲಿಗೆ ಮುಗಿಯುವವರೆಗೂ ನೋಡಿದಳು. ಅಮ್ಮ ಸೂಜಿಯನ್ನು ಎಡಗೈಗೆ ವಾಪಸ್ ತರಲಿಲ್ಲ, ಬಲಗೈಯಲ್ಲೇ ತಡವರಿಸುತ್ತ ಮುಗಿಸಿದಳು.

ವಾರ ಮುಗಿದ ಸೋಮವಾರ ಅಂಗಡಿಯಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ. ತನ್ನ ದೊಡ್ಡ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು ಚೂರು ಬಟ್ಟೆಯ ಮೇಲೆ ಗೆರೆ ಎಳೆದು ಕತ್ತರಿಸಿದಳು. ಬಟ್ಟೆ ಎರಡು ಅಲಗುಗಳ ನಡುವೆ ಮಡಚಿಕೊಂಡು ಜಗಿದಂತಾಯಿತು. ಮತ್ತೆ ಕತ್ತರಿಸಿದಳು, ಮತ್ತೆ ಅಗಿಯಿತು. ಮಾಸ್ಟರ್ ನಿಟ್ಟುಸಿರು ಬಿಟ್ಟು ಫೋನಿನ ಕಡೆ ಕೈ ಚಾಚಿದ.

ಅಕ್ಕ ಅಗಿದ ಅಂಚನ್ನೇ ನೋಡುತ್ತಿದ್ದಳು. ಇಂಥ ಅಂಚನ್ನು ಅವಳು ಮೊದಲೂ ಕಂಡಿದ್ದಳು. ಎಲ್ಲಿ? ಥಟ್ಟನೆ ತಲೆಯೆತ್ತಿ ಬಾಗಿಲ ಪಕ್ಕದ ಮೊಳೆ ನೋಡಿದಳು. ಬಲಗೈಯವರ ಕತ್ತರಿ ಎಡಗೈಯಲ್ಲಿ ಹೀಗೆ ಅಗಿದರೆ, ಬಲಗೈಯಲ್ಲಿ ಹೀಗೇ ಅಗಿಯುವ ಆ ಕತ್ತರಿ ಯಾರದ್ದಿರಬಹುದು?

"ಅಕ್ಕ, ಅದು ಹಾಳು ಕತ್ತರಿ" ಎಂದು ಯಾರೋ ಎಚ್ಚರಿಸಿದರು. ಅವಳು ಅದನ್ನು ಇಳಿಸಿ ಹಿಡಿಯೊಳಗೆ ಎಡಗೈ ಹೆಬ್ಬೆರಳು ತೂರಿಸಿದಳು. ಎಲ್ಲರ ಹೆಬ್ಬೆರಳನ್ನೂ ಒತ್ತಿ ನೋಯಿಸುತ್ತಿದ್ದ ಆ ಹಿಡಿ ಇವಳ ಬೆರಳಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹಳೇ ಸಾಮಾನಿನ ಜೊತೆ ಎಂದೋ ಬಂದದ್ದು ಅದು. ಇಪ್ಪತ್ತು ವರ್ಷದಿಂದ ಹುರಿ ಕತ್ತರಿಸಿಕೊಂಡು ಬೈಸಿಕೊಳ್ಳುತ್ತಿತ್ತು. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಅದು ಎಡಗೈಯವರ ಕತ್ತರಿ. ಗೆರೆಯ ಮೇಲೆ ಇಟ್ಟಳು, ಒಂದೇ ಉಸಿರಿಗೆ ತುದಿಯವರೆಗೆ ನಡೆಸಿದಳು. ಚಾಕ್ ಗೆರೆ ಎರಡು ಹೋಳಾಗಿ, ಅರ್ಧ ಬಿಳುಪು ಈ ಕಡೆ, ಅರ್ಧ ಬಿಳುಪು ಆ ಕಡೆ ಉಳಿಯಿತು. ಸಂಕೋಚವೂ ಇಲ್ಲ, ನೂಲೂ ಇಲ್ಲ.

ಕಾಲರ್ ಮಾವ ಎದ್ದು ಬಂದು ಆ ಅಂಚನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದ. "ಇದನ್ನ ಯಾರು ಕತ್ತರಿಸಿದ್ದು?" ಎಂದ, ಕಣ್ಣೆದುರೇ ನಡೆದದ್ದನ್ನು ನಂಬದೆ. ಮಾಸ್ಟರ್ ಫೋನು ಕೆಳಗಿಟ್ಟ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಲ್ಲರಿಗೂ ಸುಖವಾಗಿರುತ್ತಿತ್ತು. ಮೊದಲ ನಾಲ್ಕು ಕೋಟು ಹೊಲಿದು ಇಸ್ತ್ರಿಯಾದ ದಿನ ಬ್ಯಾಂಡಿನ ಡ್ರಮ್ಮಿನವನು ಹಾಕಿನೋಡಲು ಬಂದ. ಹೊಟ್ಟೆ ಒಳಗೆಳೆದುಕೊಂಡು ಹೇಗೋ ಗುಂಡಿ ಹಾಕಿದ. ಆಮೇಲೆ ಪಾಪ ಉಸಿರಾಡಿದ. ನಡುವಿನ ಗುಂಡಿ ಹಾರಿ ಇಸ್ತ್ರಿಪೆಟ್ಟಿಗೆಗೆ ಬಡಿದು ಟಣ್ಣೆಂದಿತು. ಉಳಿದ ಮೂರು ಕೋಟೂ ಹಾಗೇ, ಎದೆಯ ಸುತ್ತ ಒಂದು ಬೆರಳಿಗೂ ಮಿಕ್ಕಿ ಬಿಗಿ.

"ನಂಗೊತ್ತಿತ್ತು! ಎಡಗೈ ಕೆಲ್ಸ ಅಂದ್ರೆ ಎಡವಟ್ಟೇ!" ಎಂದು ಮಾಸ್ಟರ್ ಕೂಗಾಡಿದ.

ಅಕ್ಕ ಒಂದು ಕೋಟಿನ ಪಕ್ಕದ ಹೊಲಿಗೆ ಬಿಚ್ಚಿದಳು. ಬಿಡಿಸಿದ ತುಂಡನ್ನು ಕಾಗದದ ಅಚ್ಚಿನ ಮೇಲೆ ಹಾಸಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾಗಾದರೆ? ಹೊಲಿಗೆಯ ತೂತುಗಳ ಸಾಲಿಗೆ ಟೇಪು ಇಟ್ಟಳು. ಇರಬೇಕಾದ ಕಡೆಯಿಂದ ಅದು ಒಂದು ನೂಲು ಒಳಗಿತ್ತು. ಎದೆಯ ಸುತ್ತ ನಾಲ್ಕು ಹೊಲಿಗೆ, ಎಂಟು ಅಂಚು, ಅಂಚಿಗೊಂದು ನೂಲು. ಅವಳು ತಪ್ಪು ಮಾಡುವುದನ್ನು ನಿಲ್ಲಿಸಿದ್ದಳು, ಅಂಗಡಿಯವರು ಅದನ್ನು ತಿದ್ದುವುದನ್ನು ನಿಲ್ಲಿಸಿರಲಿಲ್ಲ.

ಕಾಲರ್ ಮಾವ ತಲೆ ಕೆರೆದುಕೊಂಡ. "ಕೈ ತಾನಾಗೇ ಒಳಗೆ ಹಾಕ್ಕೊಂಡುಬಿಡ್ತು ಕಣಮ್ಮ. ಇಪ್ಪತ್ತೆಂಟು ವರ್ಷದ ಅಭ್ಯಾಸ."

ಮಾಸ್ಟರ್ ಸಮಾಧಾನದ ದನಿ ತೆಗೆದ. "ಸರಿ, ತಪ್ಪು ಯಾರದ್ದೂ ಅಲ್ಲ ಬಿಡಿ. ಅಕ್ಕ, ನೀವು ಹಿಂದಿನ ಹಾಗೆ ಒಂದು ನೂಲು ಆಚೆ ಕತ್ತರಿಸಿ. ಯಾವ ಕೈಯಾದ್ರೇನು, ಅಂಗಡಿ ನಡೀಬೇಕು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬಲಗೈಗೇ ಬಂದುಬಿಡಿ. ಒಬ್ಬರಿಗೋಸ್ಕರ ಎಲ್ಲರ ಕೈ ಬದಲಾಯಿಸೋಕಾಗುತ್ತಾ?"

ಮಾತೇನೋ ಸುಲಭದ್ದೇ. ಒಂದು ನೂಲು ತಾನೆ? ಅಷ್ಟು ಬಿಟ್ಟರೆ ಮೇಜು ಉಳಿಯುತ್ತದೆ, ಜಗಳವಿಲ್ಲ. ಅಕ್ಕ ಎಡಗೈಯಲ್ಲಿದ್ದ ಕತ್ತರಿಯನ್ನು ನೋಡಿದಳು. ಬಲಗೈ ತನಗೆ ಬಂದದ್ದು ಅಮ್ಮನ ಹೆದರಿಕೆಯಿಂದ. ಎಡಗೈ ಬಂದದ್ದು ಹುಟ್ಟಿನಿಂದ. ಎರಡೂ ಸಲ ಅವಳನ್ನು ಯಾರೂ ಕೇಳಿರಲಿಲ್ಲ. ಈಗ ಮೊದಲ ಸಲ ಕೇಳುತ್ತಿದ್ದಾರೆ, ಅದೂ ಮೂವತ್ತೆರಡು ಕೋಟುಗಳ ನಡುವೆ ನಿಲ್ಲಿಸಿ. ಹೆದರಿಕೆಯಾಯಿತು. ಆದರೂ ಗೆರೆಯ ಮೇಲೆ ನಡೆದ ಆ ಒಂದು ಉಸಿರಿನ ರುಚಿ ಅವಳಿಗೆ ಹತ್ತಿತ್ತು.

"ಇಲ್ಲ ಮಾಸ್ಟ್ರೇ. ಆ ನೂಲು ನನ್ನ ಭಯ. ಇನ್ನು ಅದನ್ನ ಕತ್ತರಿಸಿ ಕೊಡಲ್ಲ. ನಾನು ಗೆರೆ ಮೇಲೆ ಕತ್ತರಿಸ್ತೀನಿ, ನೀವು ಗೆರೆಗೆ ಸರಿಯಾಗಿ ಹೊಲೀರಿ. ನನ್ನ ಕೈಯಿಂದ ಇನ್ನೊಂದು ಕೋಟು ಕೆಟ್ರೆ ಮೇಜು ಎದುರು ಬೀದಿಯವನಿಗೆ ಕೊಡಿ. ನಾನೇ ಕರ್ಕೊಂಡು ಬರ್ತೀನಿ."

ಮಿಷನ್‌ಗಳೆಲ್ಲ ನಿಂತಿದ್ದವು. ಮಾಸ್ಟರ್ ಕಾಲರ್ ಮಾವನ ಮುಖ ನೋಡಿದ. ಮಾವನಿಗೆ ಅರವತ್ತೈದು ದಾಟಿತ್ತು. ಆ ವಯಸ್ಸಿನಲ್ಲಿ ಅಭ್ಯಾಸ ಬಿಡುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ. ಅವನು ಗೊಣಗುತ್ತ ತನ್ನ ಜಾಗಕ್ಕೆ ಹೋಗಿ, ಒಂದು ತುಂಡು ಕೆಂಪು ದಾರ ಎತ್ತಿಕೊಂಡು, ಕಣ್ಣಿಗೆ ಕಾಣುವ ಹಾಗೆ ತನ್ನ ಮಿಷನ್ನಿನ ಕೊರಳಿಗೆ ಕಟ್ಟಿದ.

"ಇದು ಮರೀದೆ ಇರೋಕೆ. ತಂದ್ಕೊಡು, ಹೊಲೀತೀನಿ" ಎಂದ.

ಮೊದಲ ಎರಡು ದಿನ ಅವನು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಮೂರನೇ ದಿನ ಎಲ್ಲ ಮಿಷನ್‌ಗಳ ಮೇಲೂ ಕೆಂಪು ದಾರ ಕಂಡಿತು. ಬಿಗಿಯಾದ ನಾಲ್ಕು ಕೋಟುಗಳ ಹೊಲಿಗೆಯನ್ನು ಒಂದೊಂದು ನೂಲು ಸಡಿಲಿಸಿದರು. ಡ್ರಮ್ಮಿನವನು ಮತ್ತೆ ಬಂದು, ಗುಂಡಿ ಹಾಕಿ, ಇಸ್ತ್ರಿಪೆಟ್ಟಿಗೆಯಿಂದ ದೂರ ನಿಂತು ಉಸಿರಾಡಿದ. ಗುಂಡಿ ಜಾಗ ಬಿಟ್ಟು ಕದಲಲಿಲ್ಲ. ಮೂವತ್ತೆರಡೂ ಕೋಟು ಹೇಳಿದ ದಿನಕ್ಕೆ ಹೋದವು.

ಆರು ವಾರಕ್ಕೆ ಪ್ಲಾಸ್ಟರ್ ಒಡೆದರು. ಒಳಗಿನಿಂದ ಬಲಗೈ ಬಿಳಿಚಿಕೊಂಡು, ಬಡಕಲಾಗಿ ಹೊರಗೆ ಬಂತು. ಅದನ್ನು ಕಂಡು ಕತ್ತರಿಯಕ್ಕನಿಗೆ ಅಯ್ಯೋ ಎನಿಸಿತು. ತನ್ನದಲ್ಲದ ಕೆಲಸವನ್ನು ಇಷ್ಟು ವರ್ಷ ತುಟಿ ಕಚ್ಚಿ ಮಾಡಿದ ಕೈ ಅದು. ಅದನ್ನು ಮೂಲೆಗೆ ತಳ್ಳುವ ಮನಸ್ಸಾಗಲಿಲ್ಲ. ಮರುದಿನ ಮೇಜಿನ ಮುಂದೆ ನಿಂತು ಬಲಗೈಗೆ ಚಾಕ್, ಎಡಗೈಗೆ ಕತ್ತರಿ ಎಂದು ಹಂಚಿಕೊಟ್ಟಳು. ಮಾಸ್ಟರ್ ನೋಡಿಯೂ ನೋಡದವನ ಹಾಗೆ ಹೋದ. ಮೊಳೆ ಖಾಲಿಯೇ ಉಳಿಯಿತು.

ಆ ಶನಿವಾರ ಸಂಜೆ ಮಾಸ್ಟರನ್ನು ಕೇಳಿ ಆ ಕತ್ತರಿಯನ್ನು ಮನೆಗೆ ತಂದಳು. ಅಮ್ಮ ಒಳಕೋಣೆಯಲ್ಲಿದ್ದಳು. ಬಾಗಿಲು ಹಾಕಿತ್ತು. ಸಂದಿಯಿಂದ ಒಂದು ಬಟ್ಟೆ ಹೊರಗೆ ಬಂತು.

"ಗೆರೆ ಎಳೆದಿದ್ದೀನಿ, ಕತ್ತರಿಸಿಕೊಡೇ."

ಮಗಳು ಬಾಗಿಲು ತಳ್ಳಿ ಒಳಗೆ ಹೋದಳು. ಅಮ್ಮನ ಎಡಗೈಯನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಕತ್ತರಿಯ ಹಿಡಿಯೊಳಗೆ ಕೂರಿಸಿದಳು. "ನೀನೇ ಕತ್ತರಿಸು."

"ನಂಗೂ ಕತ್ತರಿಗೂ ಆಗಿಬರಲ್ಲ ಅಂತ ನಿಂಗೊತ್ತಲ್ಲ."

"ಇದೊಂದು ಸಲ."

ಅಮ್ಮ ಅನುಮಾನದಿಂದ ಅಲಗನ್ನು ಗೆರೆಯ ಮೇಲಿಟ್ಟಳು. ಮೆಲ್ಲಗೆ ಒತ್ತಿದಳು. ಬಟ್ಟೆ ಬಿಟ್ಟುಕೊಟ್ಟಿತು. ಇನ್ನೊಂದು ಸಲ ಒತ್ತಿದಳು, ಮತ್ತೊಂದು ಸಲ, ಆಮೇಲೆ ನಿಲ್ಲಿಸಲೇ ಇಲ್ಲ. ತುದಿ ಮುಟ್ಟಿದಾಗ ಎರಡು ತುಂಡು ಅವಳ ಮಡಿಲಿನ ಎರಡೂ ಕಡೆ ಜಾರಿದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ಅಂಚನ್ನು ಬಹಳ ಹೊತ್ತು ನೋಡಿದಳು.

"ಇಷ್ಟೇನಾ?" ಎಂದಳು. "ಇಷ್ಟೇ ಆಗಿತ್ತಾ?"

"ಇಷ್ಟೇ ಅಮ್ಮ."

ಅಮ್ಮ ಕಣ್ಣೊರೆಸಿಕೊಂಡು, ಉಳಿದ ಬಟ್ಟೆಯನ್ನು ಹತ್ತಿರಕ್ಕೆಳೆದುಕೊಂಡಳು. "ಗೆರೆ ಎಳಿ. ಇನ್ನೊಂದು ಕತ್ತರಿಸ್ತೀನಿ" ಎಂದಳು. ಮಗಳು ಬಲಗೈಯಲ್ಲಿ ಚಾಕ್ ಹಿಡಿದು ಗೆರೆ ಎಳೆಯತೊಡಗಿದಳು. ಬಾಗಿಲು ತೆರೆದೇ ಇತ್ತು.